ಘಾಟಿ ಇಳಿಯುವ ಮುಂಚೆ ಗಾಲಿ ಮುಟ್ಟುವ ಕೈ

ಜನವರಿ ತಿಂಗಳ ಬೆಳಗು. ದೋಣಿಗಲ್‌ನಲ್ಲಿ ಬಸ್ಸಿಳಿದರೆ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ರಸ್ತೆಯ ಆಚೆಯಿಂದ ಸುತ್ತಿಗೆಯ ಸದ್ದು ಬರುತ್ತಿದೆ. ಅದನ್ನೇ ಗುರುತು ಮಾಡಿಕೊಂಡು ರಸ್ತೆ ದಾಟುತ್ತೇನೆ. ಮಂಗಳೂರಿನ ಕಡೆ ಹೊರಟ ಲಾರಿಯೊಂದು ಮೈಮೇಲೇ ಬಂದು, ಹಾರ್ನ್ ಬಾರಿಸಿ, ಡ್ರೈವರನ ಬೈಗುಳವನ್ನೂ ನನ್ನತ್ತ ಎಸೆದು ಹೋಗುತ್ತದೆ. ಬೈದದ್ದು ಸರಿಯಾಗಿಯೇ ಇದೆ. ಈ ಹೊತ್ತಿನಲ್ಲಿ, ಈ ಜಾಗದಲ್ಲಿ ನಡೆದಾಡುವವರು ತಲೆ ನೆಟ್ಟಗಿರುವವರಲ್ಲ.

ತಗಡಿನ ಶೆಡ್ಡು. ಬೋರ್ಡಿಲ್ಲ. ಒಳಗೆ ಗೋಣಿಚೀಲ ಹಾಸಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡ ಪರಮಶಿವಯ್ಯ ತುಕ್ಕು ಹಿಡಿದ ಬ್ರೇಕ್ ಡ್ರಮ್ಮೊಂದನ್ನು ತಟ್ಟುತ್ತ ಕೂತಿದ್ದಾರೆ. ಅರವತ್ತರ ಆಸುಪಾಸು, ತೆಳ್ಳಗಿನ ಆಳು. “ಬನ್ನಿ ಸ್ವಾಮಿ, ಪೇಪರ್ನೋರಾ? ಕೂತ್ಕಳಿ. ಅಲ್ಲಿ ಬ್ಯಾಡ, ಅಲ್ಲಿ ಆಯಿಲ್ ಚೆಲ್ಲೈತೆ,” ಎನ್ನುತ್ತಾರೆ. ಅಷ್ಟರಲ್ಲಿ ನಾನು ಕೂತಾಗಿದೆ. ನನ್ನ ಬಿಳಿ ಪ್ಯಾಂಟಿನ ಕಥೆ ಅಲ್ಲಿಗೇ ಮುಗಿಯುತ್ತದೆ.

ಇಲ್ಲಿಂದ ಮುಂದೆ ಘಾಟಿ. ರಸ್ತೆ ಒಮ್ಮೆ ಇಳಿಯಲು ಶುರುವಾದರೆ ಕೆಳಗೆ ಮುಟ್ಟುವವರೆಗೂ ಬಿಡುವು ಕೊಡುವುದಿಲ್ಲ. ಹಳಿ ಬದಲಾಯಿಸಬೇಕೆಂದು ರೈಲು ನಿಲ್ಲಿಸಿ ವರ್ಷಗಳಾಗಿವೆ, ಭಾರವೆಲ್ಲ ಈ ರಸ್ತೆಯ ಮೇಲೆಯೇ. ಕಾಫಿ ರೇಟು ಬಿದ್ದ ಮೇಲೆ ಎಸ್ಟೇಟಿನವರು ಹೊಸ ಗಾಡಿ ಕೊಳ್ಳುವ ಮಾತನ್ನೇ ಬಿಟ್ಟಿದ್ದಾರೆ. ಇರುವ ಹಳೇ ಪಿಕಪ್‌ಗಳಿಗೇ ಗೊಬ್ಬರ, ಕಾಫಿ ಮೂಟೆ, ಕೊನೆಗೆ ಆಳುಗಳನ್ನೂ ತುಂಬಿ ಓಡಿಸುತ್ತಾರೆ. ಅಂಥ ಗಾಡಿಗಳ ಡ್ರೈವರುಗಳಲ್ಲಿ ಒಂದು ರೂಢಿ ಇದೆ. ಘಾಟಿ ಇಳಿಯುವ ಮುಂಚೆ ಈ ಶೆಡ್ಡಿನ ಮುಂದೆ ನಿಲ್ಲಿಸಿ, ಗಾಲಿಗಳನ್ನು ಪರಮಶಿವಯ್ಯನವರಿಂದ ಮುಟ್ಟಿಸಿಕೊಂಡು ಹೋಗುವುದು. ಸುಗ್ಗಿಯಲ್ಲಿ ದಿನಕ್ಕೆ ಹದಿನೈದಿಪ್ಪತ್ತು ಗಾಡಿ ನಿಲ್ಲುತ್ತವೆ. ಮುಟ್ಟುವುದಕ್ಕೆ ಅವರು ಏನೂ ತೆಗೆದುಕೊಳ್ಳುವುದಿಲ್ಲ. ರಿಪೇರಿ ಬಿದ್ದರೆ ಮಾತ್ರ ಕೂಲಿ.

“ಸಕಲೇಶಪುರದಿಂದ ಇಲ್ಲಿಗಂಟ ಬ್ರೇಕ್ ಒತ್ತೋ ಅಂಥ ದಾರಿ ಅಲ್ಲ. ಗಾಲಿ ತಣ್ಣಗಿರ್ಬೇಕು,” ಎಂದು ವಿವರಿಸುತ್ತಾರೆ. “ಬಿಸಿ ಐತೆ ಅಂದ್ರೆ, ಡ್ರೈವರ್ ಕಾಲು ತೆಗೆದ್ರೂ ಬ್ರೇಕ್ ಬುಟ್ಟಿಲ್ಲ, ಒಳಗೇ ಕಚ್ಕಂಡೈತೆ ಅಂತ. ಅಂಥ ಗಾಡಿ ಘಾಟಿ ಇಳೀಬಾರ್ದು. ಇಳಿದ್ರೆ ಲೈನಿಂಗ್ ಸುಟ್ಟೋಯ್ತದೆ, ಬ್ರೇಕ್ ಆಯಿಲ್ ಕುದಿತದೆ. ಆಮೇಲೆ ಎಷ್ಟು ತುಳಿದ್ರೂ ಪೆಡಲ್ಲು ನೆಲಕ್ಕೆ ಹೋಯ್ತದೆ ಹೊರತು ಗಾಡಿ ನಿಲ್ಲಲ್ಲ. ಹಿಡ್ಕಂಡಿದ್ದ ಬ್ರೇಕೇ ಕೊನೆಗೆ ಕೈಕೊಡ್ತದೆ ನೋಡಿ.”

ಕೆ. ಹೊಸಕೋಟೆ ಹತ್ತಿರದ ಹಳ್ಳಿಯ ಒಕ್ಕಲು ಮನೆತನ ಇವರದ್ದು. ಜಮೀನು ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋದಾಗ ಲಾರಿ ಕ್ಲೀನರ್ ಆಗಿ ಹೊರಟರು. ಏರಿನಲ್ಲಿ ಗಾಡಿ ನಿಂತರೆ ಹಾರಿ ಇಳಿದು ಗಾಲಿಗೆ ಕಲ್ಲು ಕೊಡುವ ಕೆಲಸ. ಇಳಿಜಾರಿನಲ್ಲಿ ಬ್ರೇಕ್ ಹೋದ ಲಾರಿಗಳನ್ನು ಕಂಡು ಕಂಡು ಹೆದರಿಕೆ ಹೊಟ್ಟೆಯೊಳಗೆ ಕೂತುಬಿಟ್ಟಿತಂತೆ. “ಆ ಹೆದರಿಕೆಯಿಂದಾನೇ ಬ್ರೇಕ್ ಕೆಲಸ ಕಲಿತೆ. ಇಂಜಿನ್ ಕೆಲಸ ಮಾಡೋರು ಬೇಕಾದಷ್ಟು ಜನ ಅವ್ರೆ. ಇಂಜಿನ್ ನಿಂತ್ರೆ ಜನ ಬೈಕಂಡು ನಡ್ಕಂಡು ಹೋಯ್ತಾರೆ. ಬ್ರೇಕ್ ಹಿಡೀದಿದ್ರೆ ನಡ್ಕಂಡು ಹೋಗಾಕೂ ಯಾರೂ ಇರಲ್ಲ.”

ಶೆಡ್ಡಿನ ಹಿಂದೆಯೇ ಒಂದು ಅಂಕಣದ ಮನೆ. ಮಗಳು ಮದುವೆಯಾಗಿ ಆಲೂರಿನಲ್ಲಿದ್ದಾಳೆ, ಇಲ್ಲಿ ಗಂಡ ಹೆಂಡತಿ ಇಬ್ಬರೇ. ಹೆಂಡತಿ ಕಲ್ಯಾಣಮ್ಮ ಹೊಂಗಡಹಳ್ಳದ ಕಡೆಯವರು. ಮದುವೆಗೆ ಮುಂಚೆ, ಆಮೇಲೂ ಬಹಳ ವರ್ಷ, ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸುವ ಕೆಲಸ ಮಾಡಿದವರು. ಮಾತು ಕಡಿಮೆ. ನಾನು ಬಂದದ್ದು ಯಾಕೆಂದು ಗಂಡ ಹೇಳಿದಾಗ ನನ್ನನ್ನೊಮ್ಮೆ ನೋಡಿ, “ಪೇಪರ್ನಲ್ಲಿ ಹಾಕ್ತಾರಾ?” ಎಂದು ಕೇಳಿ ಒಳಗೆ ಹೋಗಿಬಿಡುತ್ತಾರೆ. ಅದು ಸಂಕೋಚವೆಂದೇ ನಾನು ಎಣಿಸುತ್ತೇನೆ. ದಿನ ಮುಗಿಯುವ ಹೊತ್ತಿಗೆ ಗೊತ್ತಾಗುತ್ತದೆ, ಅದು ಭಯ.

ಏಳು ಗಂಟೆಯ ಹೊತ್ತಿಗೆ ಹಸಿರು ಬಣ್ಣದ ಹಳೇ ಪಿಕಪ್ಪೊಂದು ಮಂಜಿನೊಳಗಿಂದ ಬಂದು ನಿಲ್ಲುತ್ತದೆ. ಹಿಂದೆ ಕಾಫಿ ಕುಯ್ಯುವ ಹೆಂಗಸರು, ತಲೆಗೆ ಟವೆಲ್ಲು, ಮಡಿಲಲ್ಲಿ ಬುತ್ತಿ. ಕೆ. ಹೊಸಕೋಟೆ ಕಡೆಯಿಂದ ಹತ್ತಿಸಿಕೊಂಡು ಘಾಟಿಯ ಇಳಿಜಾರಿನಲ್ಲಿರುವ ಎಸ್ಟೇಟಿಗೆ ಕರೆದೊಯ್ಯುವ ಗಾಡಿ ಅದು. ಡ್ರೈವರ್ ಅಣ್ಣಯ್ಯ ಇಳಿದವನೇ, “ಪರಮಣ್ಣ, ಗಾಡಿ ಯಾಕೋ ಎಳೀತಾನೇ ಇಲ್ಲ ಮಾರಾಯ್ರೇ. ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಹಿಡ್ಕಂಡಂಗೈತೆ,” ಎನ್ನುತ್ತಾನೆ.

ಕಲ್ಯಾಣಮ್ಮ ಒಂದು ಲೋಟ ಟೀ ಹಿಡಿದು ಬರುತ್ತಾರೆ. ಡ್ರೈವರನಿಗೆ ಕೊಡುತ್ತಾರೆಂದುಕೊಂಡರೆ ಇಲ್ಲ. ಲೋಟ ಹಿಡಿದುಕೊಂಡೇ ಗಾಡಿಯ ಸುತ್ತ ಒಂದು ಸುತ್ತು ಬರುತ್ತಾರೆ. ಹಿಂದೆ ಕೂತ ಹೆಂಗಸರನ್ನು ಮಾತಾಡಿಸುತ್ತ, ಸೆರಗು ಸರಿ ಮಾಡಿಕೊಳ್ಳುತ್ತ, ಅಲ್ಲಲ್ಲಿ ಬಗ್ಗುತ್ತ ಬಂದು, ಲೋಟವನ್ನು ಮುಂದಿನ ಎಡಗಾಲಿಯ ಮೇಲುಗಡೆ, ಮಡ್‌ಗಾರ್ಡಿನ ಮೇಲೆ ಇಟ್ಟು ಹೋಗುತ್ತಾರೆ. ಈ ಚಳಿಯಲ್ಲಿ ಟೀ ಹೀಗೆ ಊರು ಸುತ್ತಿದರೆ ಆರುವುದಿಲ್ಲವೇ ಎಂದು ನನ್ನ ಹೊಟ್ಟೆಯುರಿ.

ಆಮೇಲೆ ಪರಮಶಿವಯ್ಯ ಎದ್ದು ನಾಲ್ಕೂ ಗಾಲಿಗಳ ನಡುಭಾಗಕ್ಕೆ ಒಂದೊಂದಾಗಿ ಅಂಗೈ ಸೋಕಿಸುತ್ತಾರೆ. ಹೆಂಗಸರು ಮಾತು ನಿಲ್ಲಿಸಿ ನೋಡುತ್ತಾರೆ. ಎಡಗಾಲಿಯ ಹತ್ತಿರ ಬಂದು, “ಇಲ್ಲೇ ಕಣೋ. ಮುಂದಿಂದು ಎಡಗಡೆ ಕಚ್ಕಂಡೈತೆ,” ಎಂದು ತೀರ್ಪು ಕೊಡುತ್ತಾರೆ. ಅಣ್ಣಯ್ಯ ನನ್ನತ್ತ ತಿರುಗಿ, “ನೋಡಿದ್ರಾ ಸಾರ್, ಕೈಯಲ್ಲ ಅದು, ಮಿಷಿನ್ನು,” ಎಂದು ಹೆಮ್ಮೆಪಡುತ್ತಾನೆ.

ಜಾಕಿ ಕೊಟ್ಟು ಗಾಲಿ ಎತ್ತುತ್ತಾರೆ. ಕೈಯಿಂದ ತಿರುಗಿಸಿದರೆ ಅದು ಮಿಸುಕುವುದಿಲ್ಲ. ಗಾಲಿಯ ಹಿಂಬದಿಯಲ್ಲಿ ಬ್ರೇಕಿನ ಗಾಳಿ ತೆಗೆಯುವ ಪುಟ್ಟ ನಿಪ್ಪಲ್ಲನ್ನು ಸ್ಪ್ಯಾನರಿನಿಂದ ಸಡಿಲಿಸುತ್ತಾರೆ. ಎಣ್ಣೆ ಚಿಳ್ಳನೆ ಹಾರುತ್ತದೆ, ಗಾಲಿ ಸಲೀಸಾಗಿ ತಿರುಗುತ್ತದೆ. “ಒಳಗಿನ ಪಿಸ್ಟನ್ ತುಕ್ಕು ಹಿಡಿದಿದ್ರೆ ಎಣ್ಣೆ ಬುಟ್ರೂ ಗಾಲಿ ಬುಡ್ತಿರ್ಲಿಲ್ಲ. ಇದು ಬುಡ್ತು. ಅಂದ್ರೆ ಎಣ್ಣೆ ವಾಪಸ್ ಹೋಗ್ದಂಗೆ ಎಲ್ಲೋ ತಡೆ ಐತೆ. ಈ ರಬ್ಬರ್ ಹೋಸ್ ಹಳೇದಾಗಿ ಒಳಗೇ ಮುಚ್ಕಂಡಿರ್ಬೇಕು,” ಎಂದು ಹೋಸ್ ಬಿಚ್ಚಿ, ತಮ್ಮಲ್ಲಿದ್ದ ಬೇರೊಂದನ್ನು ಹಾಕುತ್ತಾರೆ. ಹೆಂಗಸರು ಇಳಿದು ಬೆಂಕಿ ಹಾಕಿ ಮೈ ಕಾಯಿಸಿಕೊಳ್ಳುತ್ತಾರೆ. ಅಣ್ಣಯ್ಯ ಮೂರು ಸಲ ಗಡಿಯಾರ ನೋಡಿ ನಾಲ್ಕು ಸಲ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರನ್ನು ಬೈಯುತ್ತಾನೆ. ಕೆಲಸ ಮುಗಿದ ಮೇಲೆ ಇಬ್ಬರೂ ಗಾಡಿಯನ್ನು ಸಕಲೇಶಪುರದ ಕಡೆಗೆ ಒಂದಷ್ಟು ದೂರ ಓಡಿಸಿ ತರುತ್ತಾರೆ. ಹೆಂಗಸರು ಹತ್ತಿ ಕೂರುತ್ತಾರೆ. ಅಣ್ಣಯ್ಯ ಇಂಜಿನ್ ಆರಿಸದೆಯೇ ಹೊರಡಲು ತಯಾರಾಗಿದ್ದಾನೆ.

ಕಲ್ಯಾಣಮ್ಮ ಇನ್ನೊಂದು ಲೋಟ ಟೀ ಹಿಡಿದು ಬೇಗ ಬೇಗ ಬರುತ್ತಾರೆ. “ಬ್ಯಾಡ ಕಲ್ಯಾಣಕ್ಕ, ಹೊತ್ತಾಗೋಯ್ತು,” ಎಂದು ಅಣ್ಣಯ್ಯ ಗೇರ್ ಹಾಕುತ್ತಾನೆ. ಆಕೆ ಎಡಗಾಲಿಗೆ ಬೆರಳಿನ ಹಿಂಬದಿಯನ್ನು ತಾಗಿಸಿ ಸರಕ್ಕನೆ ಎಳೆದುಕೊಳ್ಳುತ್ತಾರೆ. ಗಂಡನತ್ತ ನೋಡುತ್ತಾರೆ. ಗಂಡ ಬೆನ್ನು ತಿರುಗಿಸಿ ಸ್ಪ್ಯಾನರು ಒರೆಸುತ್ತಿದ್ದಾರೆ. ಬಲಗಾಲಿಯ ಕಡೆಗೂ ಹೋಗಿ ಬಗ್ಗಿ ಮುಟ್ಟಿ ನೋಡುತ್ತಾರೆ. ಆಮೇಲೆ ಲೋಟ ಹಿಡಿದುಕೊಂಡೇ ಗಾಡಿಯ ಮುಂದೆ ಅಡ್ಡ ನಿಂತುಬಿಡುತ್ತಾರೆ.

“ಬುಡಬ್ಯಾಡಪ್ಪ ಗಾಡೀನ. ಎರಡೂ ಕಾದವೆ.”

“ಏನು ಕಾದವೆ?”

“ಗಾಲಿ. ಮುಂದಿನ್ವು ಎರಡೂ.”

ಅಣ್ಣಯ್ಯ ನಕ್ಕುಬಿಡುತ್ತಾನೆ. “ಅಕ್ಕಾ, ನಿಮಗ್ಯಾಕೆ ಈ ಉಸಾಬರಿ? ಪರಮಣ್ಣ, ನೀವೊಂದ್ಸಲ ಕೈ ಇಟ್ಟು ಹೇಳ್ಬುಡಿ, ನಾನು ಹೋಯ್ತೀನಿ.”

ಪರಮಶಿವಯ್ಯ ಬರುತ್ತಾರೆ. ಎಡಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಗಾಲಿಯ ತೂತಿನೊಳಗೆ ಕೈ ತೂರಿಸಿ, ಡ್ರಮ್ಮಿನ ಮೇಲೆ ಅಂಗೈಯನ್ನು ಊರುತ್ತಾರೆ. ಎಲ್ಲರೂ ನೋಡುತ್ತಿದ್ದೇವೆ. ಅವರು ತಲೆ ಓರೆ ಮಾಡಿಕೊಂಡು ಯೋಚಿಸುತ್ತಾರೆ. ಕೈ ತೆಗೆಯುವುದಿಲ್ಲ. ಸುಟ್ಟ ವಾಸನೆಯೊಂದು ಬರುತ್ತದೆ. ನಾನು ಬ್ರೇಕ್ ಲೈನಿಂಗ್ ಇರಬೇಕೆಂದುಕೊಳ್ಳುತ್ತೇನೆ.

“ಅಯ್ಯೋ, ತೆಗೀರಿ ಕೈಯ!” ಎಂದು ಕಿರುಚಿ ಕಲ್ಯಾಣಮ್ಮ ಲೋಟ ಎಸೆದು ಓಡಿಬಂದು ಗಂಡನ ಮುಂಗೈ ಹಿಡಿದು ಹೊರಗೆಳೆಯುತ್ತಾರೆ. ಅಂಗೈ ಬಿಳಚಿಕೊಂಡಿದೆ, ಒಂದು ಕಡೆ ಚರ್ಮ ಎದ್ದಿದೆ. ಅವರ ಮುಖದಲ್ಲಿ ನೋವಿನ ಸುಳಿವೇ ಇಲ್ಲ. ಸುಟ್ಟ ಕೈಗಿಂತ ಆ ನೋವಿಲ್ಲದ ಮುಖ ನೋಡುವುದೇ ಕಷ್ಟವಾಯಿತು.

“ಪರಮಣ್ಣ, ಸುಡ್ತಿಲ್ವಾ?” ಅಣ್ಣಯ್ಯ ಇಂಜಿನ್ ಆರಿಸಿ ಕೆಳಗಿಳಿದಿದ್ದಾನೆ.

“ಇಲ್ಲ ಕಣಪ್ಪ.”

“ಅಂದ್ರೆ?”

“ಅಂದ್ರೆ ಇಲ್ಲ. ಸಕ್ಕರೆ ಕಾಯ್ಲೆ. ಕಾಲಲ್ಲಿ ಶುರುವಾಯ್ತು, ಆಮೇಲೆ ಕೈಗೂ ಬಂತು. ಬಿಸಿ, ತಣ್ಣಗೆ, ಏನೂ ತಿಳಿಯಲ್ಲ. ಮೂರ್ನಾಲ್ಕು ವರ್ಷ ಆಯ್ತು.”

“ಹಂಗಾದ್ರೆ ಇಷ್ಟು ದಿನ ನಾವು ಯಾರ ಕೈ ನಂಬ್ಕಂಡು ಘಾಟಿ ಇಳೀತಿದ್ವಿ?”

ಪರಮಶಿವಯ್ಯ ತಲೆ ಎತ್ತುವುದಿಲ್ಲ. “ಅವಳ ಕೈ,” ಎನ್ನುತ್ತಾರೆ.

ಆಗ ನನಗೆ ಟೀ ಲೋಟದ ಸುತ್ತಾಟ ಅರ್ಥವಾಗುತ್ತದೆ. ಯಾವ ಗಾಲಿ ಕಾದಿದೆಯೋ ಅದರ ಮೇಲುಗಡೆ ಲೋಟ ಇಡುವುದು. ಯಾವುದೂ ಕಾದಿಲ್ಲದಿದ್ದರೆ ಲೋಟ ನೇರ ಗಂಡನ ಕೈಗೆ. ಹೀಗೆ ಬಿಸಿ ಕಂಡುಹಿಡಿಯುವುದು ಆಕೆ, ಹೇಳುವುದು ಅವರು. ಇಡೀ ಹೆದ್ದಾರಿಯ ಡ್ರೈವರುಗಳ ಕಣ್ಣೆದುರೇ ನಡೆದರೂ ಒಬ್ಬರಿಗೂ ತಿಳಿದಿಲ್ಲ. ಟೀ ತರುವ ಹೆಂಗಸಿನ ಕೈಯನ್ನು ಯಾರು ನೋಡುತ್ತಾರೆ ಹೇಳಿ?

ಅಣ್ಣಯ್ಯನಿಗೆ ಮಾತ್ರ ಸಿಟ್ಟು ನೆತ್ತಿಗೇರಿದೆ. “ಹೇಳ್ಬಾರ್ದಾ ಅಣ್ಣ? ಜನ ತುಂಬ್ಕಂಡು ಇಳಿಯೋರು ನಾವು. ನೀವು ಆಟ ಆಡ್ಬುಟ್ರಲ್ಲ!” ಎಂದು ಕೂಗುತ್ತಾನೆ. ಇನ್ನೊಂದು ಮಾತೂ ಅವನ ಬಾಯಲ್ಲಿ ಬಂದುಬಿಡುತ್ತದೆ: “ಹೆಂಗಸ್ರಿಗೇನ್ ಗೊತ್ತಾಯ್ತದೆ ಬ್ರೇಕಿಂದು? ಗಾಲಿ ಅಂದ್ಮೇಲೆ ಬೆಚ್ಚಗಾಗೇ ಆಯ್ತದೆ. ನಾನು ಹೋಯ್ತೀನಿ.”

ಅವನನ್ನು ತಡೆದದ್ದು ನಾನಲ್ಲ, ಪರಮಶಿವಯ್ಯನೂ ಅಲ್ಲ. ಹಿಂದೆ ಕೂತಿದ್ದ ಹೆಂಗಸರಲ್ಲಿ ಹಿರಿಯಳಾದ ಭೂತಮ್ಮ ಸೀರೆ ಎತ್ತಿಕಟ್ಟಿ ಕೆಳಗೆ ಹಾರುತ್ತಾಳೆ. “ಯಾರ ಕೈಯಾದ್ರೇನು, ಬಿಸಿ ಬಿಸಿನೇ ಅಲ್ವೇನೋ?” ಎಂದು ತಾನೇ ಹೋಗಿ ಬಲಗಾಲಿಗೆ ಬೆರಳಿಡುತ್ತಾಳೆ. “ಅಯ್ಯಪ್ಪಾ!” ಎಂದು ಬೆರಳು ಬಾಯಿಗಿಟ್ಟುಕೊಂಡು, “ಇಳೀರೇ ಎಲ್ಲಾ. ಈ ಒಲೆ ಮ್ಯಾಲೆ ಕೂತು ನಾನು ಘಾಟಿ ಇಳಿಯಲ್ಲ,” ಎನ್ನುತ್ತಾಳೆ. ಹೆಂಗಸರೆಲ್ಲ ಇಳಿದೇಬಿಡುತ್ತಾರೆ. ಖಾಲಿ ಗಾಡಿಯ ಪಕ್ಕ ಅಣ್ಣಯ್ಯ ಒಬ್ಬನೇ ನಿಂತಿದ್ದಾನೆ.

ಹೆಂಡತಿ ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಟ್ಟ ಕೈಯಲ್ಲೇ ಪರಮಶಿವಯ್ಯ ಮತ್ತೆ ಕೆಲಸಕ್ಕೆ ಕೂರುತ್ತಾರೆ. ನಾನು ಬೇಡವೆಂದರೆ, “ನೋವಿಲ್ವಲ್ಲ ಸ್ವಾಮಿ, ಅದೊಂದು ಅನುಕೂಲ,” ಎನ್ನುತ್ತಾರೆ. ತಮಾಷೆಗೇ ಹೇಳಿದ್ದು, ಆದರೆ ನನಗೆ ನಗು ಬರಲಿಲ್ಲ. ಎರಡೂ ಗಾಲಿ ಹಿಡಿದಿವೆಯೆಂದರೆ ತಪ್ಪು ಒಂದು ಗಾಲಿಯ ಹೋಸಿನದಲ್ಲ, ಎರಡಕ್ಕೂ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನದು. ಎಡಗಡೆ ಬ್ರೇಕ್ ಸ್ವಲ್ಪ ಬಿಗಿಯಾಗಿದ್ದರಿಂದ ಮೊದಲು ಅದೊಂದೇ ಕಾದಿತ್ತು. ಸಿಲಿಂಡರ್ ಬಿಚ್ಚಿದರೆ ಒಳಗಿನ ರಬ್ಬರ್ ವಾಷರುಗಳು ನೀರಲ್ಲಿ ನೆನೆದ ಕಡಲೆಯ ಹಾಗೆ ಊದಿಕೊಂಡಿವೆ. ಎಣ್ಣೆ ವಾಪಸು ಬರುವ ತೂತನ್ನು ಅವೇ ಮುಚ್ಚಿವೆ.

“ಬ್ರೇಕ್ ಆಯಿಲ್ ಕಮ್ಮಿಯಾದಾಗ ಏನು ಹಾಕ್ದೆ?” ಪರಮಶಿವಯ್ಯ ಕೇಳುತ್ತಾರೆ.

ಅಣ್ಣಯ್ಯ ಬಗ್ಗಿ ಊದಿದ ವಾಷರುಗಳನ್ನು ನೋಡುತ್ತಾನೆ. ಆಮೇಲೆ, “ಸ್ಟೋರ್‌ನಲ್ಲಿ ಸ್ಪ್ರೇ ಮಿಷಿನ್‌ಗೆ ಅಂತ ಒಂದು ಡಬ್ಬ ಆಯಿಲ್ ಇತ್ತು. ಎಣ್ಣೆ ಎಣ್ಣೆನೇ ಅಲ್ವಾ ಅಂತ ಹುಯ್ದೆ,” ಎನ್ನುತ್ತಾನೆ.

ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಮಿಷಿನ್ನಿನ ಎಣ್ಣೆ. ಬ್ರೇಕಿನ ರಬ್ಬರಿಗೆ ಅದು ವಿಷ. ಈ ಸೀಮೆಯ ಎಸ್ಟೇಟ್ ಡ್ರೈವರುಗಳು ಮಾಡುವ ತಪ್ಪೇ ಇದು ಎಂದು ಪರಮಶಿವಯ್ಯ ಹೇಳುತ್ತಾರೆ. ಬೈಯುವುದಿಲ್ಲ. ಹಳೇ ಎಣ್ಣೆಯನ್ನೆಲ್ಲ ಚೆಲ್ಲಿ, ಪೈಪುಗಳನ್ನು ತೊಳೆದು, ಸಕಲೇಶಪುರದಿಂದ ಬಸ್ಸಿನಲ್ಲಿ ತರಿಸಿದ ಹೊಸ ವಾಷರು, ಹೋಸುಗಳನ್ನು ಹಾಕಿ ಮುಗಿಸುವ ಹೊತ್ತಿಗೆ ಸಂಜೆ. ಓಡಿಸಿ ತಂದ ಮೇಲೆ ಕಲ್ಯಾಣಮ್ಮ ಈ ಸಲ ಟೀ ಹಿಡಿಯದೆ, ಎಲ್ಲರೆದುರಿಗೇ ನಾಲ್ಕೂ ಗಾಲಿ ಮುಟ್ಟಿ, “ಏನಿಲ್ಲ. ಹೋಗ್ಬೋದು,” ಎನ್ನುತ್ತಾರೆ. ಹೆಂಗಸರ ಒಂದು ದಿನದ ಕುಯ್ಲು ಹೋಯಿತು. ಅವರನ್ನು ಹತ್ತಿಸಿಕೊಂಡು ಅಣ್ಣಯ್ಯ ವಾಪಸು ಕೆ. ಹೊಸಕೋಟೆ ದಾರಿ ಹಿಡಿಯುತ್ತಾನೆ. ಹೊರಡುವಾಗ “ಬತ್ತೀನಿ ಪರಮಣ್ಣ” ಎಂದ. ಕಲ್ಯಾಣಮ್ಮನ ಕಡೆ ತಿರುಗಲಿಲ್ಲ.

ಗಾಡಿ ಹೋದ ಮೇಲೆ ಆಕೆ ಮೊದಲ ಬಾರಿಗೆ ನನ್ನೊಂದಿಗೆ ಮಾತಿಗೆ ಕೂರುತ್ತಾರೆ. “ಮುಂಚೆ ಒಂದ್ಸಲ ಹಿಂಗೇ ಆಗಿತ್ತು ಸ್ವಾಮಿ. ಅಂಗೈ ಸುಟ್ಕಂಡು ಬಂದು ಊಟಕ್ಕೆ ಕೂತ್ರು. ಮುದ್ದೆ ಮುರಿಯಾಕೆ ಹೋದಾಗ ನಾನು ನೋಡ್ದೆ. ಅವರಿಗೆ ಗೊತ್ತೇ ಇಲ್ಲ. ಆವತ್ತು ಆ ಗಾಡಿಗೆ ‘ತಣ್ಣಗೈತೆ, ಹೋಗು’ ಅಂದು ಕಳಿಸ್ಬುಟ್ಟಿದ್ರು. ರಾತ್ರಿಯೆಲ್ಲ ಇಬ್ರೂ ರಸ್ತೆ ಕಡೆ ಕಿವಿ ಕೊಟ್ಕಂಡು ಕೂತಿದ್ವಿ. ದೇವರು ದೊಡ್ಡೋನು, ಏನೂ ಆಗಿರ್ಲಿಲ್ಲ. ಬೆಳಗಾಗೆದ್ದು ನಾನೇ ಅಂದೆ, ಇನ್ಮೇಲೆ ನಾನು ಮುಟ್ತೀನಿ, ನೀವು ಹೇಳಿ ಅಂತ. ಕಣದಲ್ಲಿ ಕಾಫಿ ಕೆದಕಿ ಕೆದಕಿ ಈ ಕೈಗೆ ಬಿಸಿ ಅಂದ್ರೆ ಚೆನ್ನಾಗಿ ಗೊತ್ತು.”

“ನೀವೇ ಹೇಳಬಹುದಿತ್ತಲ್ಲ?” ಎನ್ನುತ್ತೇನೆ.

“ನಾನು ಹೇಳಿದ್ರೆ ಕೇಳೋರು ಯಾರು? ಅವ್ರು ಹೇಳಿದ್ರೆ ಗಾಡಿ ನಿಲ್ತಿತ್ತು. ನಮಗೆ ಅದೇ ತಾನೇ ಬೇಕಾಗಿದ್ದಿದ್ದು,” ಎಂದು ಆಕೆ ಎದ್ದು ಒಡೆದ ಲೋಟದ ಚೂರು ಆರಿಸತೊಡಗುತ್ತಾರೆ.

ಶಿವರಾತ್ರಿ ಕಳೆದ ಮೇಲೆ ಮತ್ತೊಮ್ಮೆ ದೋಣಿಗಲ್‌ಗೆ ಹೋಗುತ್ತೇನೆ. ಈ ಲೇಖನ ಬರೆಯಬಹುದೇ ಎಂದು ಕೇಳಬೇಕಿತ್ತು. ಬಸ್ಸಿಳಿದು ಹೋಟೆಲಿನಲ್ಲಿ ಟೀ ಕುಡಿಯುವಾಗಲೇ ಸುದ್ದಿ ಕಿವಿಗೆ ಬೀಳುತ್ತದೆ. ಅಣ್ಣಯ್ಯ ಸಾರಿದ್ದಾನೆ, ಉಳಿದವರು ಉಪ್ಪುಖಾರ ಹಚ್ಚಿದ್ದಾರೆ. ಪಕ್ಕದ ಬೆಂಚಿನ ಡ್ರೈವರೊಬ್ಬ, “ಹೆಂಗಸು ಮುಟ್ಟಿ ಹೇಳಿದ್ದನ್ನ ನಂಬ್ಕಂಡು ಘಾಟಿ ಇಳಿಯಕಾಯ್ತದಾ ಸಾರ್?” ಎಂದು ನನ್ನನ್ನೇ ಕೇಳುತ್ತಾನೆ. ಮೂರ್ನಾಲ್ಕು ವರ್ಷ ಅದೇ ಕೈಯನ್ನು ನಂಬಿ ಇಳಿದು, ಜೀವಂತವಾಗಿ ವಾಪಸು ಬಂದು, ಈಗ ಬೋಂಡ ತಿನ್ನುತ್ತಿರುವ ಮಹಾಶಯ! ಸಿಟ್ಟು ತಡೆಯಲಾಗದೆ ಅದನ್ನು ಹೇಳಿಯೂ ಬಿಟ್ಟೆ. ಅವನು ನಕ್ಕ. ನಾನು ಟೀ ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ಶೆಡ್ಡು ತಣ್ಣಗಿದೆ. ಗಾಡಿಗಳು ನಿಲ್ಲುತ್ತಿಲ್ಲ, ಬ್ರೇಕ್ ಪರೀಕ್ಷಿಸಿಕೊಳ್ಳದೆ ನೇರ ಇಳಿದುಹೋಗುತ್ತಿವೆ. ಬೇರೆ ಕಡೆ ತೋರಿಸಿಕೊಂಡು ಬಂದರೆ ಸರಿ. ಹೆಚ್ಚಿನವರು ಎಲ್ಲೂ ತೋರಿಸುವುದಿಲ್ಲ. ಪರಮಶಿವಯ್ಯನವರ ಅಂಗೈಯ ಗಾಯ ಮಾಯ್ದಿಲ್ಲ. ಹೀಗೇ ಇದ್ದರೆ ಒಂದೆರಡು ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದಾರಂತೆ. ಬಾಗಿಲಲ್ಲಿ ಗೋಡೆಗೊರಗಿ ಕೂತು ಅವರು ಹೋಗುವ ಗಾಡಿಗಳ ಸದ್ದು ಕೇಳುತ್ತಾರೆ. ಯಾವುದರ ಬ್ರೇಕ್ ಸರಿಯಿಲ್ಲವೆಂದು ಸದ್ದಿನಲ್ಲೇ ಅನುಮಾನ ಬರುತ್ತದೆಯಂತೆ. ಕೂಗಿದರೆ ಯಾರೂ ನಿಲ್ಲಿಸುವುದಿಲ್ಲ.

ಬರೆಯಲೇ ಎಂದು ಕೇಳುತ್ತೇನೆ. “ಬರೀರಿ. ಇನ್ನು ಮುಚ್ಚಿಡಾಕೆ ಏನೈತೆ? ಆದ್ರೆ ನನ್ನ ಹೆಸ್ರು ದೊಡ್ಡದಾಗಿ ಹಾಕ್ಬ್ಯಾಡಿ. ಅವಳದ್ದು ಹಾಕಿ,” ಎನ್ನುತ್ತಾರೆ. ಅಲ್ಲೇ ಇದ್ದ ಕಲ್ಯಾಣಮ್ಮ, “ನನ್ನ ಹೆಸ್ರು ಯಾಕೆ, ಸುಮ್ನಿರಿ,” ಎಂದು ರೇಗುತ್ತಾರೆ.

ಅಷ್ಟರಲ್ಲಿ ಪಿಕಪ್ಪೊಂದು ನಿಲ್ಲುತ್ತದೆ. ಪರಮಶಿವಯ್ಯ ನೆಟ್ಟಗೆ ಕೂರುತ್ತಾರೆ. ಡ್ರೈವರ್ ಇಳಿಯದೆ, ರೇಡಿಯೇಟರಿಗೆ ಒಂದು ಕೊಡ ನೀರು ಬೇಕೆನ್ನುತ್ತಾನೆ. ಹಿಂದೆ ಏಳೆಂಟು ಹೆಂಗಸರು, ಒಬ್ಬಳ ತೊಡೆಯ ಮೇಲೆ ನಿದ್ದೆ ಹೋದ ಮಗು. ಕಲ್ಯಾಣಮ್ಮ ನೀರು ತಂದು ಕೊಡುತ್ತಾರೆ. ಅವನು ಹುಯ್ದುಕೊಳ್ಳುವಷ್ಟರಲ್ಲಿ ಗಾಡಿಯ ಸುತ್ತ ಹೋಗಿ, ಬಗ್ಗಿ ಬಗ್ಗಿ, ನಾಲ್ಕೂ ಗಾಲಿಗೆ ಬೆರಳಿನ ಹಿಂಬದಿ ತಾಗಿಸಿ ಬರುತ್ತಾರೆ.

“ತಣ್ಣಗವೆ. ಹೋಗಪ್ಪ.”

“ನಿಮ್ಮನ್ನ ಯಾರು ಕೇಳಿದ್ರು?” ಎಂದು ಕೊಡ ಅವರ ಕೈಗೆ ತುರುಕಿ ಅವನು ಗಾಡಿ ಬಿಡುತ್ತಾನೆ. ನಾನು ಅವನ ಹಿಂದೆ ಏನೋ ಕೂಗಲು ಹೋಗುತ್ತೇನೆ. ಕಲ್ಯಾಣಮ್ಮ ಕೈ ಅಡ್ಡ ಹಿಡಿಯುತ್ತಾರೆ.

“ಬುಡಿ ಸ್ವಾಮಿ. ಕೇಳ್ದಿದ್ರೂ ಹೇಳ್ಬೇಕಲ್ವಾ? ಹಿಂದ್ಗಡೆ ಜನ ಕೂತವ್ರೆ.”